6 ತಿಂಗಳಲ್ಲಿ 14 ಶಿಖರ ಆದ ಮೇಲೆ ಕುಕುಚ್ಕಾ ಲೆಕ್ಕಕ್ಕೇ ಇಲ್ವಾ?

ಪುಷ್ಪಗಿರಿ ಚಾರಣಿಗ

ಹೋದ ಶನಿವಾರ ಕುಮಾರಪರ್ವತಕ್ಕೆ ಹೋಗಿದ್ವಿ. ಭಟ್ಟರ ಮನೆಯಲ್ಲಿ ಉಂಡು ಅಂಗಳದಲ್ಲಿ ಕೂತಿದ್ದಾಗ ಬೆಂಗಳೂರಿನ ಇನ್ನೊಂದು ತಂಡದ ಹುಡುಗರ ಜೊತೆ ಮಾತು ಹಿಮಾಲಯದ ಕಡೆ ತಿರುಗಿತು. ಅವರಲ್ಲಿ ಒಬ್ಬ ಹೇಳಿದ: ನೇಪಾಳದ ನಿರ್ಮಲ್ ಪುರ್ಜಾ 2019ರಲ್ಲಿ 8,000 ಮೀಟರ್ ಮೀರಿದ 14 ಶಿಖರಗಳನ್ನೂ 6 ತಿಂಗಳು 6 ದಿನದಲ್ಲಿ ಮುಗಿಸಿದ, ಅದಕ್ಕೆ ಮುಂಚೆ 16 ವರ್ಷ, 8 ವರ್ಷ ತಗೊಂಡೋರ ಹೆಸರು ಇನ್ಯಾಕೆ ಹಿಡ್ಕೊಂಡು ಕೂರ್ಬೇಕು ಅಂತ. ನಾನು ಕುಕುಚ್ಕಾ ಹೆಸರು ತೆಗೆದೆ. ಅಲ್ಲಿದ್ದ 11 ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಶೇಷಪರ್ವತ ಹತ್ತುವಾಗಲೂ ನನಗೆ ಅದೇ ಗುಂಗು.

ಗೊತ್ತಿಲ್ಲದವರಿಗಾಗಿ ಬರೀತೀನಿ. ಯೆರ್ಜಿ ಕುಕುಚ್ಕಾ, ಪೋಲೆಂಡಿನವನು. 1948ರಲ್ಲಿ ಕಾತೊವಿತ್ಸೆ ಅನ್ನೋ ಕಲ್ಲಿದ್ದಲಿನ ಊರಲ್ಲಿ ಹುಟ್ಟಿದ. 1979ರ ಅಕ್ಟೋಬರ್ 4ಕ್ಕೆ ಲೋತ್ಸೆ ಹತ್ತಿ ಶುರು ಮಾಡಿದವನು 1987ರ ಸೆಪ್ಟೆಂಬರ್ 18ಕ್ಕೆ ಶಿಶಪಾಂಗ್ಮಾದ ತುದಿಯಲ್ಲಿ 14 ಪೂರೈಸಿದ. 8 ವರ್ಷಕ್ಕೂ ಕಡಿಮೆ. ಜಗತ್ತಿನಲ್ಲಿ ಎರಡನೆಯವನು, ಇಟಲಿಯ ರೈನ್‌ಹೋಲ್ಡ್ ಮೆಸ್ನರ್ ಅವನಿಗಿಂತ 11 ತಿಂಗಳು ಮೊದಲು ಮುಗಿಸಿದ್ದ. ಆದರೆ ಕುಕುಚ್ಕಾ 10 ಶಿಖರಗಳಲ್ಲಿ ಹೊಸ ದಾರಿ ಮಾಡಿಕೊಂಡು ಹೋದ. 4 ಶಿಖರಗಳನ್ನ ಚಳಿಗಾಲದಲ್ಲಿ ಮೊದಲ ಬಾರಿಗೆ ಹತ್ತಿದ. ಎವರೆಸ್ಟ್ ಬಿಟ್ಟರೆ ಉಳಿದ ಯಾವುದರಲ್ಲೂ ಆಮ್ಲಜನಕದ ಸಿಲಿಂಡರ್ ಬಳಸಲಿಲ್ಲ.

ಇದನ್ನ ಬರೀ ‘ಎಷ್ಟು ದಿನ’ ಅಂತ ಅಳೆಯೋದು ಸರಿನಾ? ನನ್ನ ಮಟ್ಟಿಗೆ ಅವನು ಮೆಸ್ನರ್‌ಗಿಂತಲೂ ಒಂದು ಕೈ ಮೇಲು. ನೀವೇನಂತೀರಿ?

ಹಾಸನದ ಹುಡುಗ

ಈ ಹೆಸರು ಇವತ್ತೇ ಕೇಳಿದ್ದು. ಇನ್ನೂ ಬರೀರಿ ಅಣ್ಣಾ.

ಬೇಸ್‌ಕ್ಯಾಂಪ್ ಬಸವ

ಪುರ್ಜಾನ್ನ ಯಾಕೆ ಕೆಳಗಿಳಿಸ್ತೀರಾ? 14 ಶಿಖರಕ್ಕೆ ದುಡ್ಡು ಹೊಂದಿಸೋಕೆ ಆತ ಮನೆ ಅಡ ಇಟ್ಟಿದ್ದ. 2021ರ ಜನವರಿ 16ಕ್ಕೆ ಜಗತ್ತಿನ ಎರಡನೇ ಎತ್ತರದ ಶಿಖರ ಕೆ2ನ ಚಳಿಗಾಲದಲ್ಲಿ ಮೊದಲ ಸಲ ಹತ್ತಿದ 10 ನೇಪಾಳಿಗಳಲ್ಲಿ ಅವನೂ ಒಬ್ಬ, ಅದೂ ಸಿಲಿಂಡರ್ ಇಲ್ಲದೆ. ಆ ಕೆ2ಗೆ ಇದೇ ಪೋಲೆಂಡಿನವರು 1987-88ರಿಂದ ಮೂರು ಸಲ ಚಳಿಗಾಲದಲ್ಲಿ ಹೋಗಿ ವಾಪಸ್ ಬಂದಿದ್ರು. ಹಳಬರನ್ನ ಗೌರವಿಸೋಣ. ಆದರೆ ಹೊಸಬರು ಮಾಡಿದ್ದು ಸುಲಭ ಅನ್ನೋ ಥರ ಮಾತಾಡಬೇಡಿ.

ಪುಷ್ಪಗಿರಿ ಚಾರಣಿಗ

ಬಸವ, ಸುಲಭ ಅಂತ ನಾನು ಎಲ್ಲೂ ಹೇಳಿಲ್ಲ. ಆ 10 ಜನ ತುದಿಗೆ ಹತ್ತಿರ ಬಂದಾಗ ಒಬ್ಬರಿಗೊಬ್ಬರು ಕಾದು, ಸಾಲಾಗಿ ನಿಂತು, ನೇಪಾಳದ ರಾಷ್ಟ್ರಗೀತೆ ಹಾಡ್ತಾ ಒಟ್ಟಿಗೆ ಹೆಜ್ಜೆ ಇಟ್ಟ ವಿಡಿಯೋ ನೋಡಿ ನನ್ನ ಕಣ್ಣಲ್ಲೂ ನೀರು ಬಂದಿತ್ತು. ನನ್ನ ತಕರಾರು ಪುರ್ಜಾ ಮೇಲಲ್ಲ. ‘ಹಳೆಯದೆಲ್ಲ ಟೈಂ ವೇಸ್ಟ್’ ಅಂದ ಆ ಹುಡುಗನ ಮಾತಿನ ಮೇಲೆ.

ಕೊಡಚಾದ್ರಿ

ಒಂದು ತಿದ್ದುಪಡಿ. 4 ಶಿಖರ ಚಳಿಗಾಲದಲ್ಲಿ ಹತ್ತಿದ್ದು ನಿಜ, ಆದರೆ ಮೊದಲಿಗನಾಗಿ ಹತ್ತಿದ್ದು 3. ಧವಳಗಿರಿ 1985ರ ಜನವರಿ 21ಕ್ಕೆ, ಆಂಜೆಯ್ ಚೋಕ್ ಜೊತೆ. ಕಾಂಚನಜುಂಗಾ 1986ರ ಜನವರಿ 11ಕ್ಕೆ, ವ್ಯೆಲಿಟ್ಸ್ಕಿ ಜೊತೆ. ಅನ್ನಪೂರ್ಣಾ 1987ರ ಫೆಬ್ರವರಿ 3ಕ್ಕೆ, ಆರ್ತುರ್ ಹೈಜರ್ ಜೊತೆ. ಚೋ ಓಯು ವಿಷಯದಲ್ಲಿ, ಅದೇ ತಂಡದ ಬೆರ್ಬೆಕಾ ಮತ್ತು ಪಾವ್ಲಿಕೋವ್ಸ್ಕಿ 1985ರ ಫೆಬ್ರವರಿ 12ಕ್ಕೇ ತುದಿ ಮುಟ್ಟಿದ್ದರು. ಕುಕುಚ್ಕಾ, ಹೈನ್ರಿಖ್ ಇಬ್ಬರೂ ಮುಟ್ಟಿದ್ದು 15ಕ್ಕೆ. ಮೂರು ದಿನ ತಡ.

ಆದರೆ ಆ ಎರಡು ತಾರೀಖು ಪಕ್ಕಪಕ್ಕ ಇಟ್ಟು ನೋಡಿ. ಜನವರಿ 21ಕ್ಕೆ ಧವಳಗಿರಿ, ಫೆಬ್ರವರಿ 15ಕ್ಕೆ ಚೋ ಓಯು. ನಡುವೆ 25 ದಿನ. ಅಷ್ಟರಲ್ಲಿ ಹಿಮ ಕಚ್ಚಿದ ಕಾಲಲ್ಲಿ ಧವಳಗಿರಿ ಇಳಿದು, ಮೊಣಕಾಲಿನವರೆಗಿನ ಹಿಮ ತುಳಿದುಕೊಂಡು ಕಣಿವೆ ದಾಟಿ, ಕಾಠ್ಮಂಡುವಿಗೆ ಬಂದು, ಅಲ್ಲಿಂದ ಇನ್ನೊಂದು ಬೆಟ್ಟದ ಬುಡಕ್ಕೆ ಹೋಗಿದ್ದಾನೆ. ಒಂದೇ ಚಳಿಗಾಲದಲ್ಲಿ 8,000 ಮೀಟರಿನ ಎರಡು ಶಿಖರ. ನನಗೆ 14ರ ಲೆಕ್ಕಕ್ಕಿಂತ ಈ 25 ದಿನವೇ ದೊಡ್ಡದು.

ಪುಷ್ಪಗಿರಿ ಚಾರಣಿಗ

ಸರಿ ಸರ್, ತಪ್ಪು ನನ್ನದೇ. 3 ಅಂತ ಓದಿಕೊಳ್ಳಿ.

ಧಾರವಾಡ ಮಂಜು

ಅಲ್ರೀ, ಮೆಸ್ನರ್‌ಗಿಂತ ಒಂದು ಕೈ ಮೇಲು ಅನ್ನೋದು ಜಾಸ್ತಿ ಆತು. 1978ರೊಳಗ ಮೆಸ್ನರ್, ಹಾಬೆಲರ್ ಇಬ್ಬರೂ ಸಿಲಿಂಡರ್ ಇಲ್ದ ಎವರೆಸ್ಟ್ ಹತ್ತೋ ಮುಂದ ಎಷ್ಟೋ ಡಾಕ್ಟರು ಮನಶ್ಯಾನ ಮೆದುಳಿಗೆ ಪೆಟ್ಟು ಬೀಳ್ತೈತಿ ಅಂತಿದ್ರು. ಅದನ್ನ ಸುಳ್ಳು ಮಾಡಿ ತೋರಿಸಿದಂವ ಅಂವ. 1980ರ ಆಗಸ್ಟ್‌ದಾಗ ಟಿಬೆಟ್ ಕಡಿಂದ ಒಬ್ಬನ ಎವರೆಸ್ಟ್ ಹತ್ತಿ ಇಳಿದ. ಮೊದಲನೇ ಶಿಖರ ನಂಗಾ ಪರ್ಬತ್‌ದಾಗ, 1970ರೊಳಗ, ಬೆನ್ನಿಗೆ ಬಿದ್ದ ತಮ್ಮನ್ನ ಕಳಕೊಂಡ, ಕಾಲಿನ ಬೆರಳು ಕಳಕೊಂಡ. ಅಷ್ಟಾದ ಮ್ಯಾಲೂ ಬೆಟ್ಟ ಬಿಡಲಿಲ್ಲ. ಕುಕುಚ್ಕಾ ನಡೆದ ಹಾದಿಯ ಬಾಗಿಲು ತೆಗೆದಾಂವ ಮೆಸ್ನರ್. ಅದನ್ನ ಮರೀಬ್ಯಾಡ್ರಿ.

ಕಾರ್ಕಳ ಕಾರ್ತಿಕ್

ಮಂಜಣ್ಣ, ಮೆಸ್ನರ್ ಅನ್ನಪೂರ್ಣಾದ ನಿಜವಾದ ತುದಿ ಮುಟ್ಟಲೇ ಇಲ್ಲ ಅಂತ ಹೇಳಿ 2023ರಲ್ಲಿ ಗಿನ್ನೆಸ್‌ನವರು ಅವರ ದಾಖಲೆ ತೆಗೆದು ಅಮೆರಿಕದ ಎಡ್ ವೀಸ್ಟರ್ಸ್‌ಗೆ ಕೊಟ್ಟಿದ್ದಾರಲ್ಲ ಮಾರಾಯ್ರೆ?

ಧಾರವಾಡ ಮಂಜು

ಕೊಟ್ಟಾರ. ಆದ್ರ ವೀಸ್ಟರ್ಸ್ ಏನಂದ ಗೊತ್ತೈತೇನು? ಮೆಸ್ನರ್‌ನ ಮೊದಲಿಗ ಅಂತ ಸ್ವತಃ ಅವನ ಒಪ್ಪಿಕೊಂಡ. ಉದ್ದನ್ನ ಬೆಟ್ಟದ ಏಣಿನ ಮ್ಯಾಲೆ ಯಾವ ಹಿಮದ ದಿಬ್ಬ ಒಂದಿಷ್ಟು ಎತ್ತರ ಐತಿ ಅಂತ ಇಷ್ಟು ವರ್ಷದ ಮ್ಯಾಲೆ ಫೋಟೋ ನೋಡಿ ಅಳಿಯೋದು ನನಗ ಒಪ್ಪಿಗಿಲ್ಲ.

ಕಾತೊವಿತ್ಸೆ ಕನ್ನಡಿಗ

ನಮಸ್ಕಾರ. ನಾನು ದಾವಣಗೆರೆಯವನು, ಕೆಲಸದ ಮೇಲೆ ಇದೇ ಊರಲ್ಲಿದ್ದೀನಿ. ಈ ಚರ್ಚೆ ನೋಡಿ ಸುಮ್ಮನಿರೋಕೆ ಆಗಲಿಲ್ಲ.

ಮೊದಲು ಹೆಸರು. ಇಲ್ಲಿಯವರು ‘ಯೆರ್ಜಿ’ ಅನ್ನಲ್ಲ. ‘ರ್’ ಕೇಳಿಸೋದೇ ಇಲ್ಲ, ‘ಯೆಝಿ’ ಅಂತಾರೆ. ಪ್ರೀತಿಯಿಂದ ‘ಯುರೆಕ್’. ಇಲ್ಲಿನ ದೈಹಿಕ ಶಿಕ್ಷಣದ ವಿಶ್ವವಿದ್ಯಾಲಯಕ್ಕೆ ಅವನದೇ ಹೆಸರು ಇಟ್ಟಿದ್ದಾರೆ. ಅವನ ಮನೆತನದ ಮೂಲ ಇಸ್ತೆಬ್ನಾ ಅನ್ನೋ ಬೆಟ್ಟದ ಹಳ್ಳಿ. ಅಲ್ಲಿನ ಮನೆಯಲ್ಲಿ ಹೆಂಡತಿ ತ್ಸೆತ್ಸಿಲ್ಯಾ ಅವನ ನೆನಪಿನ ಕೋಣೆ ಮಾಡಿಟ್ಟಿದ್ದಾರೆ.

ಆದರೆ ನೀವು ಯಾರೂ ಕೇಳದ ಪ್ರಶ್ನೆ ಒಂದಿದೆ. ಆ ಕಾಲದ ಪೋಲೆಂಡಿನಲ್ಲಿ ಹಿಮಾಲಯಕ್ಕೆ ಹೋಗೋಕೆ ದುಡ್ಡು ಎಲ್ಲಿಂದ ಬಂತು? ಕಮ್ಯುನಿಸ್ಟ್ ಸರ್ಕಾರ. ಪಾಸ್‌ಪೋರ್ಟ್ ಸರ್ಕಾರದ ಕೈಯಲ್ಲಿ. ಸ್ಥಳೀಯ ದುಡ್ಡಿಗೆ ಹೊರಗೆ ಬೆಲೆ ಇಲ್ಲ. ಅಂಗಡಿ ಮುಂದೆ ಮಾಂಸಕ್ಕೂ ಸಕ್ಕರೆಗೂ ಸಾಲು. ಈ ಸೀಮೆಯ ತುಂಬ ಕಾರ್ಖಾನೆ, ಮುಗಿಲೆತ್ತರದ ಚಿಮಣಿ. ಅವಕ್ಕೆ ಬಣ್ಣ ಹೊಡೆಯೋಕೆ ಅಟ್ಟಣೆ ಕಟ್ಟೋದು ದುಬಾರಿ ಕೆಲಸ. ಬೆಟ್ಟ ಹತ್ತೋರು ಹಗ್ಗ ಕಟ್ಟಿಕೊಂಡು ಇಳಿದು ಹೊಡೆದರೆ ಅಗ್ಗ, ಬೇಗ. ಕುಕುಚ್ಕಾ, ಅವನ ಗೆಳೆಯರು ವರ್ಷಗಟ್ಟಲೆ ಮಸಿ ಕುಡಿದುಕೊಂಡು ಆ ಚಿಮಣಿಗಳಿಗೆ ಬಣ್ಣ ಬಳಿದು ಪರ್ವತಕ್ಕೆ ದುಡ್ಡು ಕೂಡಿಸಿದರು. ಸ್ಲೀಪಿಂಗ್ ಬ್ಯಾಗು, ಬಟ್ಟೆ ಎಷ್ಟೋ ಸಲ ಕೈಯಾರೆ ಹೊಲಿದುಕೊಂಡದ್ದು. ಊಟದ ಸಾಮಾನನ್ನ ಪೀಪಾಯಿಗಳಲ್ಲಿ ತುಂಬಿ ಲಾರಿ ಮೇಲೆ ಏಷ್ಯಾಕ್ಕೆ ತರ್ತಿದ್ದರು.

ಈಗಲೂ ಕೆಲವು ಹಳೆ ಚಿಮಣಿ ನಿಂತಿವೆ. ಟ್ರಾಮಿನಲ್ಲಿ ಹೋಗ್ತಾ ಕಂಡಾಗಲೆಲ್ಲ ತುದಿವರೆಗೆ ಕಣ್ಣು ಹಾಯಿಸ್ತೀನಿ.

ಹಗ್ಗದ ಕೆಲಸದವ

ಸ್ವಾಮಿ, ಈ ಚಿಮಣಿ ವಿಷಯ ಓದಿ ಮೈ ಜುಂ ಅಂತು. ನಾನು ಬೆಂಗಳೂರಲ್ಲಿ ಎತ್ತರದ ಕಟ್ಟಡಗಳಿಗೆ ಹಗ್ಗದಲ್ಲಿ ಇಳಿದು ಬಣ್ಣ ಹೊಡೆಯೋ, ಗಾಜು ಒರೆಸೋ ಕೆಲಸ ಮಾಡಿಸ್ತೀನಿ. 14 ವರ್ಷ ನಾನೇ ನೇತಾಡಿದ್ದೀನಿ. ನಮ್ಮನ್ನ ಯಾರೂ ಬೆಟ್ಟ ಹತ್ತೋರ ಜೊತೆ ಸೇರಿಸಿ ಮಾತಾಡಿದ್ದು ಕೇಳಿಲ್ಲ. ಎರಡು ಹಗ್ಗ ಕಟ್ಟಲೇಬೇಕು, ಒಂದು ಕೆಲಸಕ್ಕೆ, ಇನ್ನೊಂದು ಜೀವಕ್ಕೆ. ಹುಡುಗರಿಗೆ ಬೆಳಿಗ್ಗೆ ಮೊದಲು ಹೇಳೋ ಮಾತು ಅದೇ. ಇವರು ಆಗ ಎಂಥಾ ಹಗ್ಗ ಬಳಸ್ತಿದ್ರು? ಗೊತ್ತಿದ್ದೋರು ಹೇಳಿ.

ಕೊಡಚಾದ್ರಿ

ಆ ಪ್ರಶ್ನೆಗೆ ಉತ್ತರ ಅವನ ಸಾವಿನಲ್ಲೇ ಇದೆ.

1989ರ ಅಕ್ಟೋಬರ್ 24. ಲೋತ್ಸೆಯ ದಕ್ಷಿಣ ಮುಖ. ಅಲ್ಲಿವರೆಗೆ ಯಾರೂ ಹತ್ತಿ ಮುಗಿಸದ ಗೋಡೆ, 3 ಕಿಲೋಮೀಟರಿಗೂ ಮಿಕ್ಕಿ ಕಡಿದಾಗಿ ನಿಂತದ್ದು. ಸುಮಾರು 8,200 ಮೀಟರಿನಲ್ಲಿ ಕುಕುಚ್ಕಾ ಮುಂದೆ ಹತ್ತುತ್ತಿದ್ದ, ಕೆಳಗೆ ರಿಶಾರ್ದ್ ಪಾವ್ಲೋವ್ಸ್ಕಿ ಹಗ್ಗ ಹಿಡಿದಿದ್ದ. ಕಾಲು ತಪ್ಪಿತು. ಹಗ್ಗ ತಡೆಯಲಿಲ್ಲ. ಅದು 6 ಮಿಲಿಮೀಟರ್ ದಪ್ಪದ, ಕಾಠ್ಮಂಡುವಿನ ಸಂತೆಯಲ್ಲಿ ಕೊಂಡ, ಯಾರೋ ಬಳಸಿ ಬಿಟ್ಟಿದ್ದ ಹಗ್ಗ. 14 ಶಿಖರ ಮುಗಿಸಿ ಜಗತ್ತಿಗೆಲ್ಲ ಹೆಸರಾದ ಮೇಲೂ ಅವನ ಕೈಯಲ್ಲಿದ್ದದ್ದು ಅಂಥ ಹಗ್ಗ.

ಹಗ್ಗದ ಕೆಲಸದವ

6 ಮಿಲಿಮೀಟರ್!! ನಾವು ಬಣ್ಣದ ಬಕೆಟ್ ಕಟ್ಟೋಕೆ ಬಳಸೋ ದಪ್ಪ ಅದು. ಮನುಷ್ಯ ನೇತಾಡೋಕೆ 11 ಮಿಲಿಮೀಟರ್‌ಗಿಂತ ಕಡಿಮೆ ನಾನು ಮುಟ್ಟಿಸಲ್ಲ.

ಬಾದಾಮಿ ಬಂಡೆ

ದಪ್ಪ ಅಷ್ಟ ಅಲ್ರೀ ವಿಷಯ. ನಾವು ಬಾದಾಮಿ ಕೆಂಪುಕಲ್ಲಿನ ಮ್ಯಾಲೆ ಹತ್ತುವಾಗ ಬಳಸೋ ಹಗ್ಗ ಎಳೀತೈತಿ. ಬಿದ್ರ ರಬ್ಬರಿನಂಗ ಸ್ವಲ್ಪ ಹಿಗ್ಗಿ ಬೀಳೋ ಪೆಟ್ಟನ್ನ ಕುಡೀತೈತಿ. ಸಾಮಾನು ಎಳಿಯೋ ತೆಳು ಹಗ್ಗ ಹಿಗ್ಗಂಗಿಲ್ಲ. ಸುಮ್ನ ತೂಗಿಬಿಟ್ರ ಮೂರ್ನಾಲ್ಕು ಮಂದಿ ಭಾರ ತಡೀಬಹುದು. ಆದ್ರ ಮ್ಯಾಲಿಂದ ಬಿದ್ದು ಜಗ್ಗಿದಾಗ ಅಷ್ಟೂ ಪೆಟ್ಟು ಒಂದ ಜಾಗಕ್ಕ ಬೀಳ್ತೈತಿ. ಅಲ್ಲೇ ಕಲ್ಲಿನ ಅಂಚು ಇದ್ರ ಮುಗೀತು. 10 ಮಿಲಿಮೀಟರಿನ ಹಗ್ಗದಾಗ ನಾನು ಐವತ್ತು ಸಲ ಬಿದ್ದೀನಿ, ಇವತ್ತು ಕುಂತು ಬರಿಯಾಕತ್ತೀನಿ.

ಕಾತೊವಿತ್ಸೆ ಕನ್ನಡಿಗ

ಕೊಡಚಾದ್ರಿ ಸರ್, ಒಂದು ಮಾತು ಸೇರಿಸ್ತೀನಿ. ‘ಬಡತನಕ್ಕೆ ಅಗ್ಗದ ಹಗ್ಗ ಕೊಂಡ’ ಅನ್ನೋದು ಪೂರ್ತಿ ಕಥೆಯಲ್ಲ. ತಂಡದ ಬಳಿ ಸರಿಯಾದ ಹಗ್ಗವೂ ಇತ್ತು. ಜೊತೆಗಿದ್ದ ಪಾವ್ಲೋವ್ಸ್ಕಿ ಹೇಳಿದ ಪ್ರಕಾರ ಅದು ಸಿಕ್ಕುಬಿದ್ದು ಬಳಸೋಕೆ ಬಾರದಂತಾಗಿತ್ತು, ಹಾಗಾಗಿ ಸಾಮಾನು ಎಳೆಯೋ ಹಗ್ಗವನ್ನೇ ಕಟ್ಟಿಕೊಂಡು ಮುಂದೆ ಹೋದರು. ಆಮೇಲೆ ಪಾವ್ಲೋವ್ಸ್ಕಿ ಹಗ್ಗವಿಲ್ಲದೆ ಒಬ್ಬನೇ ಆ ಗೋಡೆ ಇಳಿದು ಬಂದ.

ಹಾಸನದ ಹುಡುಗ

ಅಂದರೆ ಮೊದಲ ಶಿಖರವೂ ಲೋತ್ಸೆ, ಕೊನೆಯದೂ ಲೋತ್ಸೆ?

ಕೊಡಚಾದ್ರಿ

ಹೌದು. ಇನ್ನೂ ಒಂದು ಕೇಳಿ. ಮೆಸ್ನರ್ 1986ರ ಅಕ್ಟೋಬರ್ 16ಕ್ಕೆ 14ನೆಯದಾಗಿ ಹತ್ತಿದ್ದೂ ಲೋತ್ಸೆಯನ್ನೇ. ಕುಕುಚ್ಕಾ ಎಲ್ಲರೂ ಹೋಗುವ ದಾರಿಯಲ್ಲಿ, ಎಲ್ಲರೂ ಹೋಗುವ ಋತುವಿನಲ್ಲಿ ಹತ್ತಿದ ಒಂದೇ ಒಂದು ಶಿಖರವೂ 1979ರ ಆ ಲೋತ್ಸೆಯೇ. ಉಳಿದ 13ರಲ್ಲಿ ಹೊಸ ದಾರಿ ಇಲ್ಲವೇ ಚಳಿಗಾಲ. 10 ವರ್ಷ ಬಿಟ್ಟು ಅದೇ ಬೆಟ್ಟಕ್ಕೆ, ಅದರ ಅತಿ ಕಠಿಣ ಮುಖದಿಂದ ವಾಪಸ್ ಹೋದ. ನನಗನ್ನಿಸೋದು, ಆ ಮಾಮೂಲಿ ದಾರಿ ಅವನ ಮನಸ್ಸನ್ನ ಚುಚ್ಚುತ್ತಲೇ ಇತ್ತು.

ನಾಗರತ್ನಮ್ಮ, ಶಿವಮೊಗ್ಗ

ಎಲ್ಲ ಓದಿದೆ. ನನ್ನ ಮಗನೂ ಬೆಟ್ಟ ಹತ್ತುತ್ತಾನೆ, ಉತ್ತರಕಾಶಿಯಲ್ಲಿ 28 ದಿನದ ಬೇಸಿಕ್ ಕೋರ್ಸ್ ಮುಗಿಸಿ ಬಂದಿದ್ದಾನೆ. ಆ 28 ದಿನ ನಾನು ಫೋನ್ ಕೈಯಿಂದ ಇಳಿಸಲಿಲ್ಲ. ಅದಕ್ಕೇ ಕೇಳುತ್ತೇನೆ, ಈ ಮಹಾಶಯನ ಜೊತೆಗೆ ಹೋದವರ ಗತಿ ಏನಾಯಿತು? ಎಷ್ಟು ಜನ ವಾಪಸ್ ಬಂದರು? ಆ ಹೆಂಡತಿ, ಇಬ್ಬರು ಗಂಡುಮಕ್ಕಳು? ದಾಖಲೆ ದಾಖಲೆ ಅಂತ ಬರೆಯುವವರು ಇದನ್ನೂ ಬರೆಯಿರಿ.

ಬೇಸ್‌ಕ್ಯಾಂಪ್ ಬಸವ

ಅಮ್ಮ ಕೇಳಿದ್ದು ಸರಿಯಾದ ಪ್ರಶ್ನೆ. 1986ರ ಕಾಂಚನಜುಂಗಾ: ಆಂಜೆಯ್ ಚೋಕ್ ಶ್ವಾಸಕೋಶಕ್ಕೆ ನೀರು ತುಂಬಿ ಶಿಬಿರದಲ್ಲೇ ತೀರಿಕೊಂಡ. ಒಂದು ವರ್ಷದ ಹಿಂದೆ ಕುಕುಚ್ಕಾ ಜೊತೆ ಧವಳಗಿರಿಯ ತುದಿಯಲ್ಲಿ ನಿಂತಿದ್ದವನು. ಅದೇ ವರ್ಷ ಜುಲೈ, ಕೆ2: ತದೆವುಶ್ ಪ್ಯೋತ್ರೋವ್ಸ್ಕಿ. 1985ರ ಲೋತ್ಸೆ: ರಫಾವ್ ಹೋವ್ದಾ. ಇಷ್ಟು ಸಾವಿನ ನಡುವೆ ಒಬ್ಬನೇ ಮುಂದೆ ಮುಂದೆ ಹೋಗ್ತಾ ಇದ್ದ ಅಂದ್ರೆ ನನಗೆ ಅಭಿಮಾನಕ್ಕಿಂತ ಭಯ ಆಗುತ್ತೆ. ಪುರ್ಜಾ 14 ಶಿಖರದಲ್ಲಿ ತನ್ನ ತಂಡದ ಒಬ್ಬರನ್ನೂ ಕಳ್ಕೊಂಡಿಲ್ಲ. ಅದನ್ನೂ ಲೆಕ್ಕಕ್ಕೆ ತಗೋಬೇಕಲ್ವಾ?

ಪುಷ್ಪಗಿರಿ ಚಾರಣಿಗ

ತಗೋಬೇಕು. ಒಪ್ತೀನಿ.

ಆದರೆ ಕೆ2ನಲ್ಲಿ ನಡೆದದ್ದನ್ನ ಪೂರ್ತಿ ಕೇಳಿ. ಕುಕುಚ್ಕಾ, ಪ್ಯೋತ್ರೋವ್ಸ್ಕಿ ಇಬ್ಬರೂ ದಕ್ಷಿಣ ಮುಖದ ನಟ್ಟನಡುವೆ ಹತ್ತಿದರು. ಮೇಲೆ ಹಿಮ ಯಾವಾಗ ಕುಸಿಯುತ್ತೋ ಗೊತ್ತಿಲ್ಲದ ದಾರಿ. ಕೊನೆಯ ಬಂಡೆಯ ಹತ್ತಿರ ಒಂದಿಡೀ ದಿನದಲ್ಲಿ 30 ಮೀಟರ್ ಅಷ್ಟೇ ಏರೋಕಾದದ್ದು. ಒಲೆಯ ಗ್ಯಾಸ್ ಡಬ್ಬಿ ಕೈ ಜಾರಿ ಬಿತ್ತು. ನೀರಿಲ್ಲ. ಮೇಣದಬತ್ತಿ ಹಚ್ಚಿ ಒಂದು ಲೋಟದಷ್ಟು ಹಿಮ ಕರಗಿಸಿ ಕುಡಿದರು. 1986ರ ಜುಲೈ 8ಕ್ಕೆ ತುದಿ. ಇಳಿಯೋವಾಗ ಬೇರೆ ದಾರಿ, ಎರಡು ರಾತ್ರಿ ಬಯಲಲ್ಲಿ. ಜುಲೈ 10ಕ್ಕೆ ಪ್ಯೋತ್ರೋವ್ಸ್ಕಿಯ ಬೂಟಿನ ಕೆಳಗಿನ ಕಬ್ಬಿಣದ ಮುಳ್ಳುಪಟ್ಟಿ, ಕ್ರಾಂಪಾನ್, ಒಂದಾದ ಮೇಲೆ ಒಂದು ಕಳಚಿ ಬಿತ್ತು. ಅವನು ಜಾರಿದವನು ಕೆಳಗೆ ನಿಂತಿದ್ದ ಕುಕುಚ್ಕಾನ ಮೇಲಿಂದಲೇ ಬಿದ್ದುಹೋದ. ಆ ಬೇಸಿಗೆ ಕೆ2ನಲ್ಲಿ 13 ಜನ ಸತ್ತರು. ಆ ದಾರಿಯಲ್ಲಿ ಇವತ್ತಿನವರೆಗೂ ಇನ್ಯಾರೂ ಹತ್ತಿಲ್ಲ.

ಅದು ಯಾರ ತಪ್ಪು ಅಂತ ಬೆಚ್ಚಗೆ ಮನೆಯಲ್ಲಿ ಕೂತು ಹೇಳೋ ಧೈರ್ಯ ನನಗಿಲ್ಲ.

ಕೊಡಚಾದ್ರಿ

ನಾನು ಹೇಳುತ್ತೇನೆ. ತಪ್ಪು ಅನ್ನದಿದ್ದರೂ ಸ್ವಭಾವ ಅನ್ನಬಹುದು. ಅವನ ಅತ್ಯುತ್ತಮ ಜೊತೆಗಾರ ವೊಯ್ಟೆಕ್ ಕುರ್ತಿಕಾ. ಇಬ್ಬರೂ ಸೇರಿ 1983ರಲ್ಲಿ ಗಾಶೆರ್‌ಬ್ರುಮ್ 1, 2 ಎರಡಕ್ಕೂ ಹೊಸ ದಾರಿಯಲ್ಲಿ ಹೋದರು. 1984ರಲ್ಲಿ ಬ್ರಾಡ್ ಪೀಕ್‌ನ ಮೂರು ತುದಿಗಳನ್ನೂ ಸಾಲಾಗಿ ದಾಟಿದರು. ಕೂಲಿಗಳಿಲ್ಲ, ಮೊದಲೇ ಕಟ್ಟಿಟ್ಟ ಹಗ್ಗವಿಲ್ಲ, ಬೆನ್ನಿಗೆ ಒಂದೊಂದು ಚೀಲ. ಆ ವರ್ಷವೇ ಇಬ್ಬರೂ ಬೇರೆಯಾದರು. ಕುರ್ತಿಕಾಗೆ 14 ಅನ್ನೋ ಲೆಕ್ಕದ ಹಿಂದೆ ಓಡುವುದು ಇಷ್ಟವಿರಲಿಲ್ಲ. ಶಿಖರವನ್ನ ಬೇಟೆಯ ಹಾಗೆ ಕೂಡಿಹಾಕುವುದು ಅವನಿಗೆ ಅಸಹ್ಯ. ಹವೆ ಕೆಟ್ಟಾಗ ವಾಪಸ್ ಬರೋಣ ಅನ್ನುವವನು ಕುರ್ತಿಕಾ, ಇನ್ನೊಂದು ಹೆಜ್ಜೆ ಅನ್ನುವವನು ಕುಕುಚ್ಕಾ. ಮನೋಬಲದಲ್ಲಿ ಅವನೊಂದು ಖಡ್ಗಮೃಗ ಅಂತ ಕುರ್ತಿಕಾನೇ ಹೇಳಿದ್ದು. ಮೆಚ್ಚಿಯೇ ಹೇಳಿದ್ದು, ಆದರೆ ಅದರಲ್ಲಿ ಎಚ್ಚರಿಕೆಯೂ ಇತ್ತು ಅಂತ ನನ್ನ ಭಾವನೆ. ಜೀವಮಾನವಿಡೀ ಕಠಿಣ ಗೋಡೆ ಹತ್ತಿದ ಕುರ್ತಿಕಾ ಮುದುಕನಾಗಿ ಬದುಕಿದ.

ಧಾರವಾಡ ಮಂಜು

ಇದನ್ನ ನಾನು ಮೊದಲಿಂದ ಹೇಳಾಕತ್ತಿದ್ದು. ಲೆಕ್ಕದ ಹುಚ್ಚು 6 ತಿಂಗಳದಾಗ ಮುಗಿಸೋ ಹುಡುಗರಿಗೆ ಅಷ್ಟ ಅಲ್ಲ, ಕುಕುಚ್ಕಾಗೂ ಇತ್ತು.

ಪುಷ್ಪಗಿರಿ ಚಾರಣಿಗ

ಇತ್ತು ಮಂಜಣ್ಣ. ಆದ್ರೆ ಲೆಕ್ಕ ಬೇಗ ಮುಗಿಸಬೇಕು ಅಂತಿದ್ದವನು ಮಾಮೂಲಿ ದಾರಿ ಬಿಟ್ಟು ಹೊಸ ದಾರಿ ಹುಡುಕ್ತಿರಲಿಲ್ಲ. ಮನಾಸ್ಲು, ಶಿಶಪಾಂಗ್ಮಾ ಎರಡಕ್ಕೂ ಸುಲಭದ ದಾರಿ ಇತ್ತು. ಎರಡರಲ್ಲೂ ಹೈಜರ್ ಜೊತೆ ಹೊಸ ದಾರಿ ಹಿಡಿದ. ಮನಾಸ್ಲು ಕಾಲಕ್ಕೆ ಮೆಸ್ನರ್ ಆಗಲೇ 14 ಮುಗಿಸಿ ಆಗಿತ್ತು. ಎರಡನೆಯವನು ಅಂತ ಗೊತ್ತಾದ ಮೇಲೂ ಹಾಗೇ ಹೋದ. ಇದನ್ನ ನೀವು ಲೆಕ್ಕದ ಹುಚ್ಚು ಅಂತೀರಾ?

ಧಾರವಾಡ ಮಂಜು

ಆ ಮಾತಿಗೆ ನನ್ನ ಕಡೆ ಉತ್ತರ ಇಲ್ಲ. ಒಪ್ಪಿದೆ.

ಶಿರಸಿ ತೋಟದವ

ಹಗ್ಗದ ವಿಷಯಕ್ಕೆ ವಾಪಸ್ ಬರುತ್ತೇನೆ, ಕ್ಷಮಿಸಿ. ನಮ್ಮ ಕಡೆ ಅಡಿಕೆ ಕೊನೆ ಕೊಯ್ಯುವ ಕೊನೆಗಾರರು ಕಾಲಿಗೆ ತಳೆ ಹಾಕಿಕೊಂಡು ಮರ ಹತ್ತಿ, ಒಂದು ಮರದಿಂದ ಇನ್ನೊಂದಕ್ಕೆ ತೂಗಿಕೊಂಡೇ ದಾಟುತ್ತಾರೆ. ನಮ್ಮ ತೋಟಕ್ಕೆ 40 ವರ್ಷ ಬರುತ್ತಿದ್ದ ಕೊನೆಗಾರರು ಪ್ರತಿ ಕೊಯ್ಲಿನ ಮೊದಲ ದಿನ ಬೆಳಿಗ್ಗೆ ಅಂಗಳದಲ್ಲಿ ಕೂತು ಹಗ್ಗವನ್ನ ಗೇಣು ಗೇಣಾಗಿ ಬೆರಳಲ್ಲಿ ಸವರಿ ನೋಡುತ್ತಿದ್ದರು. ಅರ್ಧ ಗಂಟೆ ಹಿಡಿಯುತ್ತಿತ್ತು. ನಮ್ಮಪ್ಪ ಅವಸರ ಮಾಡುತ್ತಿರಲಿಲ್ಲ, ಒಳಗಿಂದ ಚಹಾ ತರಿಸಿ ಪಕ್ಕದಲ್ಲೇ ಕೂರುತ್ತಿದ್ದರು. ಸಿಕ್ಕುಬಿದ್ದ ಹಗ್ಗ ಬಿಟ್ಟು ತೆಳುವಾದದ್ದನ್ನ ಕಟ್ಟಿಕೊಂಡ ಅನ್ನುವುದನ್ನ ಓದಿದಾಗಿಂದ ಆ ಅರ್ಧ ಗಂಟೆಯೇ ಕಣ್ಣ ಮುಂದೆ ಬರುತ್ತಿದೆ. 8,200 ಮೀಟರಿನಲ್ಲಿ, ಆ ಗಾಳಿಯಲ್ಲಿ, ಅವನಿಗೆ ಅಷ್ಟು ಹೊತ್ತು ಇರಲಿಲ್ಲ ಅನ್ನುವುದೂ ಅರ್ಥವಾಗುತ್ತದೆ.

ಹಗ್ಗದ ಕೆಲಸದವ

ನಿಮ್ಮ ಕೊನೆಗಾರರಿಗೆ ನನ್ನ ನಮಸ್ಕಾರ ತಿಳಿಸಿ ಸರ್.

ಶಿರಸಿ ತೋಟದವ

ಈಗಿಲ್ಲ ಅವರು. ವಯಸ್ಸಾಗಿ, ಮನೆಯಲ್ಲೇ ತೀರಿಕೊಂಡರು. ಮರದಿಂದ ಒಮ್ಮೆಯೂ ಬಿದ್ದವರಲ್ಲ.

ಕಾರ್ಕಳ ಕಾರ್ತಿಕ್

ಶೆರ್ಪಾಗಳ ಹೆಸರು ಒಂದೂ ಬರಲಿಲ್ಲವಲ್ಲ ಇಲ್ಲಿ? ಆಂಗ್ ರೀಟಾ ಶೆರ್ಪಾ 1983ರಿಂದ 1996ರೊಳಗೆ 10 ಸಲ ಎವರೆಸ್ಟ್ ಹತ್ತಿದರು, ಸಿಲಿಂಡರ್ ಇಲ್ಲದೆ. ಅದರಲ್ಲಿ ಒಂದು ಸಲ 1987ರ ಡಿಸೆಂಬರ್ 22ಕ್ಕೆ, ಚಳಿಗಾಲದಲ್ಲಿ. ಅವರು 2020ರಲ್ಲಿ ತೀರಿಕೊಂಡಾಗ ನಮ್ಮ ಪತ್ರಿಕೆಗಳಲ್ಲಿ ಎಷ್ಟು ಸಾಲು ಬಂತು? ಕುಕುಚ್ಕಾನಿಗೆ ಅನ್ಯಾಯ ಆಗಿದೆ ಅಂತ ಬರೆಯುವಾಗ ಇವರನ್ನೂ ನೆನಪು ಮಾಡಬೇಕು ಅಂತ ನನಗೆ ಕಾಣುತ್ತದೆ.

ಹಾಸನದ ಹುಡುಗ

10 ಸಲ!! ಇವರ ಬಗ್ಗೆ ಬೇರೆ ಚರ್ಚೆ ಶುರು ಮಾಡಿ ಕಾರ್ತಿಕ್ ಅಣ್ಣಾ, ದಯವಿಟ್ಟು.

ಮೈಸೂರು ಮೀರಾ

ಹೆಂಗಸರ ಹೆಸರೂ ಬರಲಿ. ಕುಕುಚ್ಕಾನ ದೇಶದವರೇ ವಾಂಡಾ ರುತ್ಕ್ಯೆವಿಚ್. 1978ರ ಅಕ್ಟೋಬರ್ 16ಕ್ಕೆ ಎವರೆಸ್ಟ್ ಹತ್ತಿದ ಮೊದಲ ಯುರೋಪಿನ ಮಹಿಳೆ. ಅದೇ ದಿನ ಪೋಲೆಂಡಿನವರೇ ಆದ ಕರೋಲ್ ವೊಯ್ತಿವಾ ಪೋಪ್ ಆಗಿ ಆಯ್ಕೆಯಾದರು. ಕೆ2 ಹತ್ತಿದ ಮೊದಲ ಮಹಿಳೆಯೂ ವಾಂಡಾನೇ, 1986ರ ಜೂನ್ 23ಕ್ಕೆ, ಕುಕುಚ್ಕಾನಿಗಿಂತ 15 ದಿನ ಮೊದಲು. 1992ರಲ್ಲಿ ಕಾಂಚನಜುಂಗಾದಲ್ಲಿ ಕಾಣೆಯಾದರು.

ನಾಗರತ್ನಮ್ಮನವರೇ, ನಿಮ್ಮ ಪ್ರಶ್ನೆಗೆ ಪೂರ್ತಿ ಉತ್ತರ ಅಲ್ಲ, ಆದರೆ ಒಂದು ವಿಷಯ ಹೇಳಬೇಕು ಅನ್ನಿಸಿತು. 1981ರ ಅಕ್ಟೋಬರ್ 15ಕ್ಕೆ ಕುಕುಚ್ಕಾ ಮಕಾಲು ಶಿಖರವನ್ನ ಒಬ್ಬನೇ ಹತ್ತಿದ. ಜೊತೆಗಾರರಿಲ್ಲ, ಸಾಕ್ಷಿ ಇಲ್ಲ. ಹತ್ತಿದ್ದು ನಿಜವೇ ಅಂತ ಅಧಿಕಾರಿಗಳಿಗೆ ಅನುಮಾನ ಬಂತು. ಅವನು ಮಗನ ಆಟದ ಸಾಮಾನು, ಗುಲಗಂಜಿ ಹುಳದ ಒಂದು ಪುಟ್ಟ ಬೊಂಬೆ, ತುದಿಯಲ್ಲಿ ಇಟ್ಟು ಬಂದಿದ್ದ. ಮುಂದಿನ ವರ್ಷ ಅಲ್ಲಿಗೆ ಹೋದ ಕೊರಿಯಾದ ಹೋ ಯಂಗ್-ಹೋ ಅವರಿಗೆ ಆ ಬೊಂಬೆ ಸಿಕ್ಕಿತು. ಅನುಮಾನ ಅಲ್ಲಿಗೆ ಮುಗಿಯಿತು.

ನಾಗರತ್ನಮ್ಮ, ಶಿವಮೊಗ್ಗ

ಮೀರಾ, ಇದನ್ನ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಮಗು ಆಡುವ ಬೊಂಬೆಯನ್ನ ಅಷ್ಟು ಎತ್ತರಕ್ಕೆ ಹೊತ್ತುಕೊಂಡು ಹೋದವನನ್ನ ಕಲ್ಲೆದೆಯವನು ಅನ್ನಲಾರೆ. ಆದರೂ ನನ್ನ ಪ್ರಶ್ನೆ ಹಾಗೇ ಇದೆ. 1989ರ ಅಕ್ಟೋಬರ್‌ನಲ್ಲಿ ಆ ಮಕ್ಕಳಿಗೆ ತಾಯಿ ಏನು ಹೇಳಿರಬಹುದು?

ಕಾತೊವಿತ್ಸೆ ಕನ್ನಡಿಗ

ಅಮ್ಮಾ, ಆ ವರ್ಷ ಈ ದೇಶಕ್ಕೇ ಕೆಟ್ಟ ವರ್ಷ. ಮೇ 27ಕ್ಕೆ ಎವರೆಸ್ಟ್ ಪಕ್ಕದಲ್ಲಿ ಹಿಮ ಕುಸಿದು ಐವರು ಪೋಲಿಷ್ ಪರ್ವತಾರೋಹಿಗಳು ಹೋದರು. ಚೋ ಓಯುನಲ್ಲಿ ಕುಕುಚ್ಕಾ ಜೊತೆಗಿದ್ದ ಹೈನ್ರಿಖ್ ಅವರಲ್ಲೊಬ್ಬ. ಬದುಕುಳಿದಿದ್ದ ಒಬ್ಬನನ್ನ ಕಾಪಾಡೋಕೆ ಓಡಾಡಿದವನು ಹೈಜರ್. ಐದು ತಿಂಗಳಿಗೆ ಕುಕುಚ್ಕಾ. ಆಮೇಲೆ ಹೈಜರ್ ವರ್ಷಗಟ್ಟಲೆ ಎತ್ತರದ ಬೆಟ್ಟಕ್ಕೆ ಹೋಗಲಿಲ್ಲ. ವಾಪಸ್ ಬಂದು, ಹೊಸ ಹುಡುಗರನ್ನ ಚಳಿಗಾಲದ ಹಿಮಾಲಯಕ್ಕೆ ತಯಾರು ಮಾಡಿ, 2013ರಲ್ಲಿ ಗಾಶೆರ್‌ಬ್ರುಮ್ 1ರಲ್ಲಿ ತಾನೂ ತೀರಿಕೊಂಡ. ಅವನು ಬೆಳೆಸಿದವರಲ್ಲೊಬ್ಬ ಆದಮ್ ಬ್ಯೆಲೆಟ್ಸ್ಕಿ. 2018ರ ಜನವರಿಯಲ್ಲಿ ಕೆ2 ಬಿಟ್ಟು ನಂಗಾ ಪರ್ಬತ್‌ಗೆ ಹಾರಿ, ರಾತ್ರೋರಾತ್ರಿ ಹತ್ತಿ, ಅಲ್ಲಿ ಸಿಕ್ಕಿಬಿದ್ದಿದ್ದ ಫ್ರಾನ್ಸಿನ ಎಲಿಸಬೆತ್ ರೆವೊಲ್ ಅವರನ್ನ ಬದುಕಿಸಿ ಕೆಳಗಿಳಿಸಿದ ನಾಲ್ವರಲ್ಲಿ ಅವನಿದ್ದ. ಕೆ2 ಆ ವರ್ಷವೂ ಅವರ ಕೈಗೆ ಸಿಗಲಿಲ್ಲ.

ಬೇಸ್‌ಕ್ಯಾಂಪ್ ಬಸವ

ಕೆ2 ಬಿಟ್ಟು ಹೋಗಿ ಕಾಪಾಡಿದರಲ್ಲ, ಅದಕ್ಕೆ ನನ್ನ ಪೂರ್ತಿ ಗೌರವ. ಪುಷ್ಪಗಿರಿ ಅಣ್ಣಾ, ದಿನಗಳ ಲೆಕ್ಕ ಒಂದು ಹೇಳಿಬಿಡ್ತೀನಿ, ನಿಮಗೇ ಉಪಯೋಗ ಆಗುತ್ತೆ. ಕುಕುಚ್ಕಾನ 7 ವರ್ಷ 11 ತಿಂಗಳ ದಾಖಲೆ ಮುರಿದದ್ದು 2013ರಲ್ಲಿ ಕೊರಿಯಾದ ಕಿಮ್ ಚಾಂಗ್-ಹೋ, ಅದೂ ಒಂದೇ ಒಂದು ತಿಂಗಳಷ್ಟು ಅಂತರದಲ್ಲಿ. 25 ವರ್ಷಕ್ಕೂ ಹೆಚ್ಚು ಕಾಲ ನಿಂತಿತ್ತು. ಪುರ್ಜಾದು 4 ವರ್ಷ ನಿಲ್ಲಲಿಲ್ಲ. 2023ರಲ್ಲಿ ನಾರ್ವೆಯ ಕ್ರಿಸ್ಟಿನ್ ಹರಿಲಾ, ತೆಂಜಿನ್ ಶೆರ್ಪಾ 92 ದಿನಕ್ಕೆ ಇಳಿಸಿದರು. ಆ ತೆಂಜಿನ್ ಅದೇ ವರ್ಷ ಅಕ್ಟೋಬರ್‌ನಲ್ಲಿ ಶಿಶಪಾಂಗ್ಮಾದಲ್ಲಿ ಹಿಮ ಕುಸಿದು ತೀರಿಕೊಂಡರು.

ಕೊಡಚಾದ್ರಿ

ಎರಡನೆಯವನು ಅನ್ನುವುದರ ಬಗ್ಗೆ. 1988ರ ಕ್ಯಾಲ್ಗರಿ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಮೆಸ್ನರ್, ಕುಕುಚ್ಕಾ ಇಬ್ಬರಿಗೂ ಬೆಳ್ಳಿ ಗೌರವ ಘೋಷಿಸಿದರು. ಬೆಟ್ಟ ಹತ್ತುವುದು ಸ್ಪರ್ಧೆಯಲ್ಲ ಅಂತ ಮೆಸ್ನರ್ ಬೇಡವೆಂದ. ಕುಕುಚ್ಕಾ ತೆಗೆದುಕೊಂಡ. ಅದಕ್ಕೂ ಮೊದಲು, ಕುಕುಚ್ಕಾ 14 ಮುಗಿಸಿದಾಗ, ಮೆಸ್ನರ್ ಕಳಿಸಿದ ಸಂದೇಶ ಇಷ್ಟೇ: ನೀನು ಎರಡನೆಯವನಲ್ಲ, ನೀನು ದೊಡ್ಡವನು.

ಧಾರವಾಡ ಮಂಜು

ಇದಕ್ಕ ನನಗ ಮೆಸ್ನರ್ ಸೇರ್ತಾನ ನೋಡ್ರಿ.

ಗಂಗೊಳ್ಳಿ ಗಣೇಶ

ಸ್ವಲ್ಪ ತಡವಾಗಿ ಬಂದೆ. ನಾನು ಎವರೆಸ್ಟ್ ಬೇಸ್‌ಕ್ಯಾಂಪ್ ಚಾರಣಕ್ಕೆ ಹೋದಾಗ ಒಂದು ದಿನ ಚುಕುಂಗ್ ಕಡೆ ತಿರುಗಿದ್ದೆ. ಲೋತ್ಸೆಯ ದಕ್ಷಿಣ ಮುಖ ಅಲ್ಲಿಂದ ಎದುರಿಗೇ ನಿಂತಿರುತ್ತದೆ, ಕತ್ತು ಎತ್ತಿದಷ್ಟೂ ಮುಗಿಯುವುದಿಲ್ಲ. ಊರಿನ ಹತ್ತಿರ ಕಲ್ಲು ಪೇರಿಸಿ ಕಟ್ಟಿದ ಸ್ಮಾರಕ ಉಂಟು, ಪೋಲಿಷ್ ಹೆಸರಿನ ಫಲಕ. ನಮ್ಮ ಗೈಡ್ ‘ಕುಕುಚ್ಕಾ’ ಅಂದ. ಆಗ ನನಗೆ ಯಾರು ಅಂತ ಗೊತ್ತಿರಲಿಲ್ಲ. ಗಾಳಿ ಜೋರಿತ್ತು, ಒಂದು ಫೋಟೋ ಹೊಡೆದು ಲಾಡ್ಜಿಗೆ ಓಡಿದೆ. ಇವತ್ತು ಈ ಚರ್ಚೆ ಓದಿ ಹಳೆ ಹಾರ್ಡ್ ಡಿಸ್ಕ್ ತೆಗೆದು ಆ ಫೋಟೋ ಹುಡುಕಿದೆ. ಸಿಕ್ಕಿತು. ಹಿಂದೆ ಇಡೀ ಗೋಡೆ ಬಂದಿದೆ.

ಪುಷ್ಪಗಿರಿ ಚಾರಣಿಗ

ಗಣೇಶಣ್ಣ, ಆ ಫೋಟೋ ಇಲ್ಲಿ ಹಾಕ್ತೀರಾ? ಅವತ್ತು ಭಟ್ಟರ ಮನೆಯಲ್ಲಿ ವಾದ ಮಾಡಿದ ಹುಡುಗನ ನಂಬರ್ ನನ್ನ ಹತ್ತಿರ ಇದೆ. ಈ ಚರ್ಚೆಯ ಜೊತೆ ಅದನ್ನೂ ಕಳಿಸ್ತೀನಿ.

ಗಂಗೊಳ್ಳಿ ಗಣೇಶ

ರಾತ್ರಿ ಹಾಕ್ತೇನೆ. ಈಗ ಬೋಟ್ ಬರುವ ಹೊತ್ತು, ಬಂದರಿಗೆ ಹೋಗಬೇಕು.